ಟರ್ಬೊ ಎಂಜಿನ್ನಿನ ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ಆವಿ ಹೋಸ್‌ಗಳನ್ನು ಭದ್ರಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಸೀಮೆಯಲ್ಲಿ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರಿಗಾಗಿ, ಹಾಗೆಯೇ ಅಂಥ ಕಾರುಗಳನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳಿಗಾಗಿ ಈ ಪುಟವನ್ನು ಬರೆಯಲಾಗಿದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಪೈಪಾದ ಇಂಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಹಾಯುವ ಹೋಸ್‌ಗಳು, ಮ್ಯಾನಿಫೋಲ್ಡ್ ಒಮ್ಮೆ ಕೂತ ಮೇಲೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಎಟಕುವುದಿಲ್ಲ. ಆದ್ದರಿಂದ ಅವುಗಳ ಪ್ರತಿಯೊಂದು ಕೊನೆಯನ್ನೂ ನಡುವಿನ ಪ್ರತಿಯೊಂದು ಆಧಾರವನ್ನೂ ಮ್ಯಾನಿಫೋಲ್ಡ್ ಹೊರಗಿರುವಾಗಲೇ ಸರಿಯಾಗಿ ಮುಗಿಸಿಕೊಳ್ಳಬೇಕು. ಕೆಳಗಿನ ಬಹುಪಾಲು ಉತ್ತರಗಳು ಈ ಮಾತಿನ ವಿವರಣೆಗಳೇ ಆಗಿವೆ.

ಮ್ಯಾನಿಫೋಲ್ಡಿನ ಕೆಳಗೆ ಇರುವ ಆವಿ ಹೋಸ್‌ಗಳು ಯಾವುವು?

ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಪೆಟ್ರೋಲ್ ಟ್ಯಾಂಕಿನ ಆವಿಯನ್ನು ತರುವ ಸಾಲು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಸೇರದಂತೆ ಅದನ್ನು ಇದ್ದಿಲು ತುಂಬಿದ ಒಂದು ಡಬ್ಬಿ, ಅಂದರೆ ಕ್ಯಾನಿಸ್ಟರ್, ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಪರ್ಜ್ ವಾಲ್ವ್ ಎಂಬ ವಿದ್ಯುತ್ ಕವಾಟವನ್ನು ಬಿಟ್ಟು ಬಿಟ್ಟು ತೆರೆದು, ಆ ಆವಿಯನ್ನು ಮ್ಯಾನಿಫೋಲ್ಡಿಗೆ ಎಳೆದು ಉರಿಸುತ್ತದೆ. ಎರಡನೆಯದು ಬ್ರೀದರ್ ಸಾಲು. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುವ ಅನಿಲವು ಎಣ್ಣೆಯ ಹನಿಗಳನ್ನೂ ಇಂಧನದ ಆವಿಯನ್ನೂ ಹೊತ್ತಿರುತ್ತದೆ; ಅದು ಎಣ್ಣೆ ಬೇರ್ಪಡಿಸುವ ಕೋಣೆಯನ್ನು ಹಾದು, ಈ ಅನಿಲದ ಹರಿವನ್ನು ಹದದಲ್ಲಿಡುವ ಪಿಸಿವಿ ವಾಲ್ವ್ ಮೂಲಕ ಮತ್ತೆ ಮ್ಯಾನಿಫೋಲ್ಡಿಗೆ ಸೇರುತ್ತದೆ. ಹಲವು ಎಂಜಿನ್‌ಗಳಲ್ಲಿ ಈ ಕೋಣೆ ಬ್ಲಾಕಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ ನೇರ ಕೆಳಗೆ ಇರುವುದರಿಂದಲೇ ಹೋಸ್‌ಗಳೂ ಅಲ್ಲಿಯೇ ಹಾಯುತ್ತವೆ.

ಇದೇ ಜಾಗದಲ್ಲಿ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ವ್ಯಾಕ್ಯೂಮ್ ಹೋಸ್ ಕೂಡ ಇರಬಹುದು. ಅದು ಆವಿ ಹೋಸ್ ಅಲ್ಲ. ಬ್ರೇಕಿನ ಹೋಸ್ ಅಥವಾ ಅದರ ಚೆಕ್ ವಾಲ್ವ್, ಅಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ, ಕೆಟ್ಟಿದ್ದರೆ ಅದೇ ಕಾರಿಗೆ ತಯಾರಕರು ಕೊಡುವ ಭಾಗವನ್ನೇ ಹಾಕಬೇಕು. ಕೈಗೆ ಸಿಕ್ಕಿದ ಹೋಸನ್ನು ಕತ್ತರಿಸಿ ಹಾಕುವ ಜಾಗ ಅದಲ್ಲ.

ಟರ್ಬೊ ಇಲ್ಲದ ಕಾರಿನಲ್ಲೂ ಇವೇ ಹೋಸ್‌ಗಳಿವೆ. ಟರ್ಬೊ ಕಾರಿನಲ್ಲಿ ಇಷ್ಟು ಕಾಳಜಿ ಏಕೆ ಬೇಕು?

ಟರ್ಬೊ ಇಲ್ಲದ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ಯಾವಾಗಲೂ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ, ಅಥವಾ ಹೆಚ್ಚೆಂದರೆ ಅದಕ್ಕೆ ಸಮನಾಗಿರುತ್ತದೆ. ಅಲ್ಲಿ ಹೋಸನ್ನು ಒಳಗಿನ ಎಳೆತವೇ ನಿಪ್ಪಲಿನ, ಅಂದರೆ ಹೋಸ್ ತೊಡಿಸುವ ಗಿಡ್ಡ ಕೊಳವೆಯ, ಮೇಲೆ ಒತ್ತಿ ಹಿಡಿಯುತ್ತದೆ. ಕ್ಲಿಪ್ ಸಡಿಲವಿದ್ದರೂ ಹೋಸ್ ಕಳಚಿ ಬೀಳುವುದು ಅಪರೂಪ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಎಂಜಿನ್ನಿನಲ್ಲಿ ಎಳೆತವೂ ಇದೆ, ತಳ್ಳುವಿಕೆಯೂ ಇದೆ, ಮತ್ತು ಸಿಗ್ನಲ್ ಬಿಟ್ಟು ಹೊರಟ ಪ್ರತಿ ಸಲವೂ ಒಂದು ಹೋಗಿ ಇನ್ನೊಂದು ಬರುತ್ತದೆ.

ಅಂಕಿಗಳಲ್ಲಿ ನೋಡೋಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಸುಮಾರು 92 ಕಿಲೊಪ್ಯಾಸ್ಕಲ್. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ಒಳಗೆ 30ರಿಂದ 40 ಕಿಲೊಪ್ಯಾಸ್ಕಲ್ ಇರುತ್ತದೆ. ಟರ್ಬೊ 1 ಬಾರ್ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ 100 ಕಿಲೊಪ್ಯಾಸ್ಕಲ್ ಹೆಚ್ಚಿನ ಒತ್ತಡ, ಕೊಟ್ಟಾಗ ಅದು 190ರ ಆಸುಪಾಸಿಗೆ ಏರುತ್ತದೆ. ಆ 1 ಬಾರ್ ಒತ್ತಡವು 10 ಮಿಲಿಮೀಟರ್ ಒಳವ್ಯಾಸದ ಹೋಸನ್ನು ನಿಪ್ಪಲಿನಿಂದ ಹೊರಗೆ ತಳ್ಳುವ ಬಲ ಸುಮಾರು 8 ನ್ಯೂಟನ್, ಅಂದರೆ 800 ಗ್ರಾಂ ತೂಕವನ್ನು ತೂಗುಹಾಕಿದಷ್ಟು. 19 ಮಿಲಿಮೀಟರಿನ ಬ್ರೀದರ್ ಹೋಸಿನಲ್ಲಿ ಅದೇ ಒತ್ತಡ ಸುಮಾರು 28 ನ್ಯೂಟನ್ ಬಲ ಕೊಡುತ್ತದೆ, ಅಂದರೆ 3 ಕಿಲೊಗ್ರಾಂಗೆ ಸ್ವಲ್ಪ ಕಡಿಮೆ.

ಈ ಬಲಗಳು ದೊಡ್ಡವಲ್ಲ ಎಂಬುದನ್ನು ಗಮನಿಸಬೇಕು. ಹೊಸ ಹೋಸ್, ಒಣಗಿದ ನಿಪ್ಪಲ್, ಸರಿಯಾದ ಕ್ಲಿಪ್ ಇದ್ದಲ್ಲಿ ಇದು ಏನೂ ಅಲ್ಲ. ಆದರೆ ಹೋಸಿನ ಒಳಗೆ ಎಣ್ಣೆಯ ಪಸೆ ಇದ್ದು, ಬಿಸಿಗೆ ರಬ್ಬರ್ ಮೆತ್ತಗಾಗಿ, ಎಂಜಿನ್ನಿನ ಅಲುಗಾಟಕ್ಕೆ ಹೋಸ್ ಪ್ರತಿ ಸಲವೂ ಕೂದಲೆಳೆಯಷ್ಟು ಸರಿಯುತ್ತ ಹೋದರೆ, ಕೆಲವು ಸಾವಿರ ಕಿಲೊಮೀಟರಿನಲ್ಲಿ ಅದು ನಿಪ್ಪಲಿನ ತುದಿಯಲ್ಲಿ ಹೋಸನ್ನು ತಡೆದು ಹಿಡಿಯುವ ಉಬ್ಬಿನ ಈಚೆಗೆ ಬಂದಿರುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ಬಲವಂತದ ಬಿಗಿತವಲ್ಲ. ಸುತ್ತಲೂ ಒಂದೇ ಸಮನಾದ ಹಿಡಿತ ಮತ್ತು ಹೋಸಿನ ಭಾರವನ್ನೂ ಅಲುಗಾಟವನ್ನೂ ಜಾಯಿಂಟಿಗೆ ಬಿಡದಂಥ ಆಧಾರ.

ಚೆಕ್ ವಾಲ್ವ್‌ನ ಕೆಲಸವೇನು? ಅದನ್ನು ತಿರುವುಮುರುವಾಗಿ ಹಾಕಿದರೆ ಏನಾಗುತ್ತದೆ?

ಬೂಸ್ಟ್ ಬಂದಾಗ ಒತ್ತಡದ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ತಿರುವುಮುರುವಾಗಿ ಹಾಕಿದರೆ ಅದು ಕೆಟ್ಟಂತೆಯೇ. ಪರ್ಜ್ ಸಾಲಿನಲ್ಲಿ ಅದು ಕೆಟ್ಟರೆ, ಪರ್ಜ್ ವಾಲ್ವ್ ತೆರೆದಾಗ ಅಥವಾ ಅದೂ ಸೋರುತ್ತಿದ್ದಾಗ, ಟರ್ಬೊದ ಗಾಳಿ ಕ್ಯಾನಿಸ್ಟರಿಗೆ ನುಗ್ಗುತ್ತದೆ. ಇದ್ದಿಲಿನ ಕಾಳುಗಳು ಪುಡಿಯಾಗಿ ವಾಲ್ವಿನ ಬಾಯಿಗೆ ಕಟ್ಟಿಕೊಳ್ಳುವುದೂ ಉಂಟು. ಬ್ರೀದರ್ ಸಾಲಿನಲ್ಲಿ ಅದು ಕೆಟ್ಟರೆ ಕ್ರ್ಯಾಂಕ್‌ಕೇಸಿಗೇ ಒತ್ತಡ ತುಂಬುತ್ತದೆ. ಆಗ ಆಯಿಲ್ ಸೀಲುಗಳು ಸೋರಲು ಶುರುವಾಗುತ್ತವೆ, ಡಿಪ್‌ಸ್ಟಿಕ್ ತನ್ನಷ್ಟಕ್ಕೆ ಮೇಲೆದ್ದು ಬರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸುತ್ತದೆ. ಸೀಲು ಹೋಗಿದೆ ಎಂದು ಎಂಜಿನ್ ಇಳಿಸುವ ಮುನ್ನ ಈ ಚಿಕ್ಕ ವಾಲ್ವನ್ನು ಪರೀಕ್ಷಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮ್ಯಾನಿಫೋಲ್ಡ್ ಒತ್ತಡದಲ್ಲಿರುವಾಗ ಆವಿ ಅದರೊಳಗೆ ಹೋಗಲಾರದು. ಆದ್ದರಿಂದ ಎಷ್ಟೋ ಟರ್ಬೊ ಎಂಜಿನ್‌ಗಳಲ್ಲಿ ಎರಡನೆಯ ದಾರಿಯೊಂದನ್ನು ಕೊಟ್ಟಿರುತ್ತಾರೆ: ಆವಿ ಟರ್ಬೊದ ಮುಂಚಿನ ಗಾಳಿ ಪೈಪಿಗೆ ಸೇರುತ್ತದೆ, ಕೆಲವು ಕಡೆ ಬೂಸ್ಟ್ ಗಾಳಿಯನ್ನೇ ಚಿಕ್ಕ ಬಾಯಿಯ ಮೂಲಕ ಹಾಯಿಸಿ ಎಳೆತ ಹುಟ್ಟಿಸುವ ವ್ಯವಸ್ಥೆಯೂ ಇರುತ್ತದೆ. ಹೀಗಾಗಿ ಒಂದೇ ಅಳತೆಯ ಎರಡು ಮೂರು ಹೋಸ್‌ಗಳು ಒಂದೇ ಕಡೆ ಕೂಡುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರತಿ ಹೋಸಿಗೂ ಅದು ಕೂರುವ ನಿಪ್ಪಲಿಗೂ ಒಂದೇ ಬಣ್ಣದ ಗುರುತು ಹಾಕಿಕೊಳ್ಳಬೇಕು. ವಾಲ್ವಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಳಿ ಹರಿಯುವ ದಿಕ್ಕು, ಅಂದರೆ ಪರ್ಜ್ ಸಾಲಾಗಲಿ ಬ್ರೀದರ್ ಸಾಲಾಗಲಿ ಮ್ಯಾನಿಫೋಲ್ಡಿಗೆ ಸೇರುವಲ್ಲಿ ಮ್ಯಾನಿಫೋಲ್ಡಿನ ಕಡೆಗೆ. ಬಾಯಿಯಿಂದ ಊದಿ ಪರೀಕ್ಷಿಸುವ ರೂಢಿಯನ್ನು ಬಿಡಬೇಕು, ಏಕೆಂದರೆ ಒಳಗಿರುವುದು ಪೆಟ್ರೋಲ್ ಆವಿ. ಕೈಯಿಂದ ಒತ್ತುವ ಸಣ್ಣ ವ್ಯಾಕ್ಯೂಮ್ ಪಂಪ್ ಸಾಕು.

ಯಾವ ಕ್ಲಿಪ್ ಹಾಕಬೇಕು?

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಪಟ್ಟಿಯ ಉದ್ದಕ್ಕೂ ಸೀಳು ರಂಧ್ರಗಳಿರುವ ಸ್ಕ್ರೂ ಕ್ಲಿಪ್ ದಪ್ಪ ಹೋಸ್‌ಗಳಿಗೆ ಒಳ್ಳೆಯದೇ. ಆದರೆ 8 ಅಥವಾ 10 ಮಿಲಿಮೀಟರಿನ ತೆಳು ಹೋಸಿನ ಮೇಲೆ ಆ ಪಟ್ಟಿ ಪೂರ್ಣ ವೃತ್ತವಾಗಿ ಬಾಗುವುದಿಲ್ಲ. ಸ್ಕ್ರೂ ಇರುವ ಕಡೆ ಚಪ್ಪಟೆಯಾಗಿ ನಿಲ್ಲುತ್ತದೆ, ಉಳಿದ ಕಡೆ ಬಿಗಿಯುತ್ತದೆ. ಬಿಗಿದಷ್ಟೂ ರಂಧ್ರಗಳ ಅಂಚು ರಬ್ಬರನ್ನು ಕೊರೆಯುತ್ತದೆ. ಮೇಲಿನಿಂದ ನೋಡಿದರೆ ಭದ್ರವಾಗಿ ಕಾಣುವ ಜಾಯಿಂಟ್, ಚಪ್ಪಟೆ ಭಾಗದ ಕೆಳಗೆ ಸೋರುತ್ತಿರುತ್ತದೆ. ತೆಳು ಹೋಸಿಗೆ ರಂಧ್ರವಿಲ್ಲದ ಪಟ್ಟಿಯ, ಅಂಚುಗಳನ್ನು ಹೊರಕ್ಕೆ ಮಡಿಸಿದ, ಚಿಕ್ಕ ಬೋಲ್ಟಿನಿಂದ ಬಿಗಿಯುವ ಫ್ಯೂಯೆಲ್ ಹೋಸ್ ಕ್ಲಿಪ್ ಸರಿಯಾದದ್ದು.

ಮ್ಯಾನಿಫೋಲ್ಡಿನ ಕೆಳಗೆ ನನ್ನ ಮೊದಲ ಆಯ್ಕೆ ತಯಾರಕರು ಹಾಕಿದ್ದ ಸ್ಪ್ರಿಂಗ್ ಕ್ಲಿಪ್. ಅದನ್ನು ಹಳೆಯ ಕಾಲದ್ದು, ಸಡಿಲದ್ದು ಎಂದು ತೆಗೆದುಹಾಕುವವರಿದ್ದಾರೆ, ಅದು ಸರಿಯಲ್ಲ. ರಬ್ಬರ್ ಬಿಸಿಗೆ ಉಬ್ಬುತ್ತದೆ, ತಣಿದಾಗ ಕುಗ್ಗುತ್ತದೆ, ವರ್ಷಗಳು ಕಳೆದಂತೆ ಒತ್ತಿದ ಜಾಗದಲ್ಲಿ ತೆಳುವಾಗುತ್ತದೆ. ಸ್ಕ್ರೂ ಕ್ಲಿಪ್ ಬಿಗಿದಲ್ಲಿಯೇ ನಿಂತುಬಿಡುತ್ತದೆ, ಮತ್ತೆ ಬಿಗಿಯಲು ಅಲ್ಲಿಗೆ ಕೈ ಹೋಗುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಮಾತ್ರ ರಬ್ಬರ್ ಕುಗ್ಗಿದಷ್ಟೂ ತಾನೂ ಹಿಂದೆಯೇ ಕುಗ್ಗಿ ಒತ್ತುತ್ತಿರುತ್ತದೆ. ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಅಥವಾ ಅಗಲಿಸಿ ಬಿಟ್ಟಾಗ ಮೊದಲಿನ ಅಳತೆಗೆ ಬರದಿದ್ದರೆ ಹೊಸದನ್ನು ಹಾಕಬೇಕು. ಅದೇ ಅಳತೆಯದೇ ಆಗಬೇಕು, ಏಕೆಂದರೆ ಹೋಸಿನ ಹೊರವ್ಯಾಸ ಒಂದು ಮಿಲಿಮೀಟರ್ ಬದಲಾದರೂ ಅದರ ಹಿಡಿತ ಬದಲಾಗುತ್ತದೆ.

ಎರಡನೆಯ ಆಯ್ಕೆ, ಒಂದು ಕಡೆ ಕಿವಿಯಂತೆ ಎದ್ದಿರುವ ಭಾಗವನ್ನು ಅದಕ್ಕೆಂದೇ ಮಾಡಿದ ಇಕ್ಕಳದಿಂದ ಅದುಮಿ ಕೂರಿಸುವ ಸ್ಟೀಲ್ ಕ್ಲಿಪ್. ಅದು ಸುತ್ತಲೂ ಸಮನಾಗಿ ಒತ್ತುತ್ತದೆ, ಜಾಗವನ್ನೂ ಹೆಚ್ಚು ತಿನ್ನುವುದಿಲ್ಲ, ಅಲುಗಾಟಕ್ಕೆ ಸಡಿಲವಾಗುವುದಿಲ್ಲ. ಒಮ್ಮೆ ಮಾತ್ರ ಬಳಸಬಹುದು, ತೆಗೆಯಬೇಕಾದರೆ ಕತ್ತರಿಸಬೇಕು.

ಕ್ಲಿಪ್ ಕೂರುವ ಜಾಗವೂ ಅಷ್ಟೇ ಮುಖ್ಯ. ಹೋಸನ್ನು ನಿಪ್ಪಲಿನ ಉಬ್ಬು ದಾಟಿಸಿ, ಹಿಂದಿನ ತಡೆಗೆ ತಾಗುವವರೆಗೆ ತಳ್ಳಬೇಕು. ಕ್ಲಿಪ್ ಉಬ್ಬಿನ ಮೇಲೆ ಅಲ್ಲ, ಉಬ್ಬಿನ ಹಿಂದೆ ಕೂರಬೇಕು, ಹೋಸಿನ ತುದಿಯಿಂದ 3ರಿಂದ 5 ಮಿಲಿಮೀಟರ್ ಒಳಗಿರಬೇಕು. ಹೋಸ್ ಸುಲಭವಾಗಿ ಜಾರಲಿ ಎಂದು ಗ್ರೀಸ್ ಹಚ್ಚಬಾರದು. ಅದು ಮುಂದೆ ಹೊರಗೆ ಜಾರುವುದಕ್ಕೂ ನೆರವಾಗುತ್ತದೆ. ಒಂದಿಷ್ಟು ಸೋಪಿನ ನೀರು ಸಾಕು, ಅದು ಒಣಗಿ ಹಿಡಿತ ಬರುತ್ತದೆ. ಹಳೆಯ ಹೋಸನ್ನೇ ಮತ್ತೆ ಹಾಕುವುದಾದರೆ, ಎಣ್ಣೆಯನ್ನು ಒರೆಸಿ, ಗಟ್ಟಿಯಾದ ತುದಿಯನ್ನು ಕತ್ತರಿಸಿ, ಉದ್ದ ಇನ್ನೂ ಸಾಲುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕ್ಲಿಪ್ಪೇ ಇಲ್ಲದ, ಒತ್ತಿದರೆ ಟಕ್ ಎಂದು ಕೂರುವ ಪ್ಲಾಸ್ಟಿಕ್ ಕ್ವಿಕ್ ಕನೆಕ್ಟರ್ ಇರುವ ಕಡೆ ಶಬ್ದವನ್ನು ಮಾತ್ರ ನಂಬದೆ, ಕೂರಿಸಿದ ಮೇಲೆ ಹಿಂದಕ್ಕೆ ಎಳೆದು ನೋಡಬೇಕು.

ಕೇಬಲ್ ಟೈ ಹಾಕಿ ಕಟ್ಟಿದರೆ ಸಾಲದೆ?

ಜಾಯಿಂಟಿನ ಮೇಲೆ ಖಂಡಿತ ಸಾಲದು. ಸಾಮಾನ್ಯ ನೈಲಾನ್ ಟೈಗಳು ತಡೆಯುವ ನಿರಂತರ ಬಿಸಿ ಸುಮಾರು 85 ಡಿಗ್ರಿ ಸೆಲ್ಸಿಯಸ್. ಟರ್ಬೊ ಕಾರನ್ನು ದೂರ ಓಡಿಸಿ ನಿಲ್ಲಿಸಿದ ಮೇಲೆ, ಗಾಳಿ ಆಡದ ಬಾನೆಟ್ಟಿನ ಒಳಗೆ ಟರ್ಬೈನ್ ಮತ್ತು ಎಕ್ಸಾಸ್ಟ್‌ನ ಕಾವು ಮೇಲೇರುವಾಗ, ಅದನ್ನು ದಾಟುವುದು ಕಷ್ಟವಲ್ಲ. ಟೈ ಒಣಗಿ ಪೆಡಸಾಗಿ ತುಂಡಾಗುತ್ತದೆ. ಅದರ ಮೇಲೆ ಅದು ಲಾಕ್ ಇರುವ ಕಡೆ ಹೋಸನ್ನು ಸರಿಯಾಗಿ ಒತ್ತುವುದೂ ಇಲ್ಲ. ಹೋಸಿನ ನಡುಭಾಗವನ್ನು ಬ್ರಾಕೆಟ್ಟಿಗೆ ಹಿಡಿಸಲು ಮಾತ್ರ, ಬಿಸಿ ತಡೆಯುವ ದರ್ಜೆಯ ಟೈಯನ್ನು, ಹೋಸ್ ಅಪ್ಪಚ್ಚಿಯಾಗದಷ್ಟು ಸಡಿಲವಾಗಿ ಬಳಸಬಹುದು.

ಹೋಸ್ ಹಾಯುವ ದಾರಿಯನ್ನು ಹೇಗೆ ನಿರ್ಧರಿಸಬೇಕು? ಎಲ್ಲೆಲ್ಲಿ ಆಧಾರ ಕೊಡಬೇಕು?

ಮೂಲ ದಾರಿಯೇ ಮೊದಲ ಆಯ್ಕೆ. ತಯಾರಕರ ಬ್ರಾಕೆಟ್ ಮುರಿದಿದೆ, ಸಿಗುತ್ತಿಲ್ಲ, ಅಥವಾ ಹಿಂದೆ ಯಾರೋ ಬಿಚ್ಚಿ ಬಿಸಾಕಿದ್ದಾರೆ ಎಂದಾಗ ಮಾತ್ರ ನಾವು ದಾರಿ ಹುಡುಕಬೇಕಾಗುತ್ತದೆ. ಆಗ ಮ್ಯಾನಿಫೋಲ್ಡನ್ನು ಬೋಲ್ಟ್ ಇಲ್ಲದೆ ಒಮ್ಮೆ ಸುಮ್ಮನೆ ಕೂರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು, ಅಡಿಯಲ್ಲಿ ಉಳಿಯುವ ಜಾಗ ಎಷ್ಟೆಂದು ನೋಡುವುದು ಒಳ್ಳೆಯದು. ಮ್ಯಾನಿಫೋಲ್ಡ್ ಹೊರಗಿರುವಾಗ ವಿಶಾಲವಾಗಿ ಕಾಣುವ ಜಾಗ ಅದು ಕೂತ ಮೇಲೆ ಎರಡು ಬೆರಳಿಗೂ ಸಾಲದಂತಾಗುತ್ತದೆ, ಮತ್ತು ಬೋಲ್ಟ್ ಬಿಗಿಯುವಾಗ ನಡುವೆ ಸಿಕ್ಕಿಕೊಂಡ ಹೋಸ್ ಅಲ್ಲಿಯೇ ಚಪ್ಪಟೆಯಾಗುತ್ತದೆ.

ಈ ಅಡಿಭಾಗದಲ್ಲಿ ಹೋಸಿಗೆ ನೆರೆಹೊರೆಯಾಗಿರುವ ವಸ್ತುಗಳನ್ನು ಒಂದೊಂದಾಗಿ ಗುರುತಿಸಬೇಕು. ಸ್ಟಾರ್ಟರ್ ಮೋಟರಿನ ದಪ್ಪ ತಂತಿಯ ಮೊಳೆಯಲ್ಲಿ ಸದಾ ಬ್ಯಾಟರಿಯ ವಿದ್ಯುತ್ ಇರುತ್ತದೆ. ಪೆಟ್ರೋಲ್ ಆವಿಯ ಹೋಸನ್ನಾಗಲಿ ಲೋಹದ ಆಧಾರವನ್ನಾಗಲಿ ಅದರ ಹತ್ತಿರ ತರಬಾರದು. ಹಲವು ಎಂಜಿನ್‌ಗಳಲ್ಲಿ ಎಂಜಿನ್ನಿನ ಬಡಿತದ ಸದ್ದನ್ನು ಗುರುತಿಸುವ ನಾಕ್ ಸೆನ್ಸರ್ ಇದೇ ಬದಿಯ ಬ್ಲಾಕಿನ ಮೇಲೆ ಕೂತಿರುತ್ತದೆ. ಅದರ ಬೋಲ್ಟಿಗೆ ಬ್ರಾಕೆಟ್ ಸೇರಿಸಿದರೆ ಅಥವಾ ಹೋಸಿನ ಕ್ಲಿಪ್ ಅದಕ್ಕೆ ಬಡಿಯುತ್ತಿದ್ದರೆ ಸೆನ್ಸರ್ ತಪ್ಪು ಸದ್ದನ್ನು ಕೇಳಿಸಿಕೊಂಡು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹೋಗಬಹುದು, ಕಾರಿನ ಎಳೆತ ಕಡಿಮೆಯಾಗಬಹುದು. ಇನ್ನು ಆಲ್ಟರ್ನೇಟರ್ ಬೆಲ್ಟ್, ಕೂಲಂಟ್ ಪೈಪು, ಎರಕದ ಬ್ರಾಕೆಟ್ಟಿನ ಚೂಪು ಅಂಚು. ಅಂಚಿನ ಮೇಲೆ ಹಾಯಲೇಬೇಕಾದರೆ ಹೋಸಿನ ಮೇಲೆ ಒಂದು ಹೊರತೋಳು ತೊಡಿಸಬೇಕು, ಮತ್ತು ಆ ತೋಳಿನ ಎರಡೂ ತುದಿ ಕದಲದಂತೆ ಹಿಡಿಸಬೇಕು.

ಎಂಜಿನ್ ತನ್ನ ಮೌಂಟಿಂಗುಗಳ ಮೇಲೆ ವಾಲಾಡುತ್ತದೆ, ಕಾರಿನ ಬಾಡಿ ವಾಲಾಡುವುದಿಲ್ಲ. ಕ್ಯಾನಿಸ್ಟರಿನಿಂದ ಬರುವ ಸಾಲು ಬಾಡಿಯ ಕಡೆಯಿಂದ ಎಂಜಿನ್ನಿನ ಕಡೆಗೆ ದಾಟುವ ಜಾಗದಲ್ಲಿ, ಹೋಸಿಗೆ ಎರಡೂ ಕಡೆ ಒಂದೊಂದು ಆಧಾರ ಕೊಟ್ಟು ನಡುವೆ ಸಡಿಲವಾದ ಬಾಗು ಬಿಡಬೇಕು. ಕ್ಲಚ್ ಬಿಟ್ಟು ಜೋರಾಗಿ ಹೊರಟಾಗ ಎಂಜಿನ್ ವಾಲಿದರೂ ಆ ಬಾಗು ಮಾತ್ರ ತೆರೆದು ಮುಚ್ಚಬೇಕು. ನಿಪ್ಪಲಿಗೆ ಎಳೆತ ತಾಗಬಾರದು. ಎರಡೂ ತುದಿ ಎಂಜಿನ್ನಿನ ಮೇಲೆಯೇ ಇರುವ ಬ್ರೀದರ್ ಹೋಸಿಗೆ ಇಂಥ ಬಾಗು ಬೇಡ. ಅಲ್ಲಿ ಜೋತ ಭಾಗವಿದ್ದರೆ ಎಣ್ಣೆಯೂ ನೀರಿನ ಪಸೆಯೂ ತಂಗಿ ದಾರಿ ಕಟ್ಟುತ್ತವೆ.

ಆಧಾರಕ್ಕೆ ರಬ್ಬರ್ ಒಳಪದರವಿರುವ ಪಿ ಆಕಾರದ ಕ್ಲಿಪ್ ಅತ್ಯುತ್ತಮ. ಗೇಣಿಗೊಂದು ಆಧಾರ, ಅದರ ಜೊತೆಗೆ ಪ್ರತಿ ಜಾಯಿಂಟಿನ ಹತ್ತಿರ ಒಂದು ಆಧಾರ ಎಂಬ ಲೆಕ್ಕವನ್ನು ನಾನು ಪಾಲಿಸುತ್ತೇನೆ. ತಿರುವು ಕಡಿದಾಗಿರುವಲ್ಲಿ ನೇರ ಹೋಸನ್ನು ಬಾಗಿಸಿದರೆ ಐಡಲಿಂಗ್‌ನ ಎಳೆತಕ್ಕೆ ಅದು ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಅಲ್ಲಿ ಅಚ್ಚಿನಲ್ಲಿಯೇ ಬಾಗಿಸಿ ಮಾಡಿದ ಎಲ್ಬೋ ಹೋಸ್ ಬೇಕು.

ಯಾವ ವಸ್ತುವಿನ ಹೋಸ್ ತೆಗೆದುಕೊಳ್ಳಬೇಕು? ಬಣ್ಣದ ಸಿಲಿಕೋನ್ ಹೋಸ್ ಚೆನ್ನಾಗಿರುತ್ತದೆ ಎನ್ನುತ್ತಾರಲ್ಲ?

ಬೂಸ್ಟ್ ಗಾಳಿಗೆ ಮತ್ತು ಕೂಲಂಟಿಗೆ ಸಿಲಿಕೋನ್ ಚೆನ್ನಾಗಿದೆ. ಪೆಟ್ರೋಲ್ ಆವಿಗೆ ಅಲ್ಲ. ಆವಿ ಸಿಲಿಕೋನಿನ ಗೋಡೆಯನ್ನೇ ದಾಟಿ ಹೊರಬರುತ್ತದೆ, ಎಣ್ಣೆಗೂ ಪೆಟ್ರೋಲಿಗೂ ಸಿಲಿಕೋನ್ ಉಬ್ಬಿ ಮೆತ್ತಗಾಗುತ್ತದೆ. ಒಳಗೆ ಫ್ಲೋರೊ ಪದರವಿರುವ ಸಿಲಿಕೋನ್ ಹೋಸಾದರೆ ಅಡ್ಡಿಯಿಲ್ಲ. ರೇಡಿಯೇಟರ್ ಹೋಸಿನ ಇಪಿಡಿಎಂ ರಬ್ಬರ್ ಕೂಡ ಇಲ್ಲಿಗೆ ಸಲ್ಲದು, ಅದು ಪೆಟ್ರೋಲಿನಲ್ಲಿ ಊದಿಕೊಳ್ಳುತ್ತದೆ. ಮೇಲೆ ಎಸ್‌ಎಇ 30ಆರ್7 ಎಂದು ಅಚ್ಚಾಗಿರುವ ಹೋಸ್ ಇಂಧನದ ಆವಿಗೂ ಪಿಸಿವಿ ಸಾಲಿಗೂ ಹೊಂದುತ್ತದೆ. ಒಳಗೆ ಫ್ಲೋರೊ ರಬ್ಬರ್ ಪದರವಿರುವ 30ಆರ್9 ದರ್ಜೆಯದು ಅದಕ್ಕಿಂತ ಉತ್ತಮ, ಬೆಲೆಯೂ ಹೆಚ್ಚು. ಮ್ಯಾನಿಫೋಲ್ಡ್ ಬಿಚ್ಚುವ ಕೂಲಿಯನ್ನು ನೆನೆದರೆ ಆ ಹೆಚ್ಚಿನ ಬೆಲೆಗೆ ಹಿಂಜರಿಯಬಾರದು.

ಈಗ ಎಥೆನಾಲಿನ ಮಾತು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಅದೇ. ಕಬ್ಬಿನ ಸೀಮೆಯಾದ ಮಂಡ್ಯದವರಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಎಥೆನಾಲ್ ಬರುತ್ತದೆಂಬುದು ಹೊಸ ವಿಷಯವಲ್ಲ. ಇದರಿಂದ ರೈತರಿಗೆ ಆಗುವ ಅನುಕೂಲ ಬೇರೆ ಮಾತು. ಹೋಸಿನ ಮಟ್ಟಿಗೆ ಹೇಳುವುದಾದರೆ, ಹಳೆಯ ಸಾಮಾನ್ಯ ನೈಟ್ರೈಲ್ ರಬ್ಬರ್ ಎಥೆನಾಲ್ ಬೆರಕೆಯಲ್ಲಿ ಹೆಚ್ಚು ಉಬ್ಬಿ, ಒಣಗಿದಾಗ ಬಿರುಕು ಬಿಡುತ್ತದೆ. ನಿಮ್ಮ ಕಾರು 2023ಕ್ಕಿಂತ ಹಿಂದಿನದಾಗಿದ್ದು, ಬೇರೆ ಕೆಲಸಕ್ಕೆಂದು ಮ್ಯಾನಿಫೋಲ್ಡ್ ಕಳಚುವ ಸಂದರ್ಭ ಬಂದರೆ, ಕೆಳಗಿನ ರಬ್ಬರ್ ಹೋಸ್‌ಗಳನ್ನೆಲ್ಲ ಅದೇ ಸಲ ಬದಲಿಸಿಬಿಡಿ.

ಮ್ಯಾನಿಫೋಲ್ಡ್ ತೆಗೆಯದೆಯೇ ಈ ಕೆಲಸ ಮಾಡಬಹುದೇ?

ಮುಂಭಾಗದ ಒಂದೆರಡು ಜಾಯಿಂಟುಗಳನ್ನು ಥ್ರಾಟಲ್ ಬಾಡಿ ಕಳಚಿದರೆ ತಲುಪಬಹುದು. ಉಳಿದವನ್ನು ಬೆರಳ ತುದಿಯಲ್ಲಿ ತಡಕಾಡಿ ಕೂರಿಸಿದರೆ ಕ್ಲಿಪ್ ಉಬ್ಬಿನ ಹಿಂದೆ ಇದೆಯೋ ಮೇಲಿದೆಯೋ ತಿಳಿಯುವುದಿಲ್ಲ. ಬೋರೋಸ್ಕೋಪ್ ಕ್ಯಾಮೆರಾದಿಂದ ನೋಡುವುದು ದೋಷ ಹುಡುಕಲು ಸರಿ. ಕೆಲಸ ಮಾಡಲು ಮ್ಯಾನಿಫೋಲ್ಡ್ ಹೊರಗೆ ಬರಲಿ.

ತೆಗೆಯುವಾಗ ಯಾವ ಎಚ್ಚರಿಕೆ ಬೇಕು?

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು, ಕೆಲಸದ ಜಾಗದಲ್ಲಿ ಗಾಳಿ ಆಡುತ್ತಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ, ಗುಂಡಿಯಲ್ಲಿ ತಂಗುತ್ತದೆ, ಮತ್ತು ಗಾಳಿಯಲ್ಲಿ ಶೇಕಡಾ 1.4ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಈ ಕೆಲಸವನ್ನು ಮುಂದೂಡಬೇಕು. ನೇರ ಇಂಜೆಕ್ಷನ್ ಇರುವ ಎಂಜಿನ್ನಿನ ಇಂಧನ ಸಾಲಿನಲ್ಲಿ 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡವಿರುತ್ತದೆ. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಒತ್ತಡ ಇಳಿಸದೆ ಅದರ ನಟ್ಟನ್ನು ಮುಟ್ಟಲೇಬಾರದು.

ಮ್ಯಾನಿಫೋಲ್ಡ್ ತೆಗೆದ ಕೂಡಲೇ ಸಿಲಿಂಡರ್ ಹೆಡ್ಡಿನ ಬಾಯಿಗಳನ್ನು ನೂಲು ಬಿಡದ ಬಟ್ಟೆಯಿಂದಲೋ ಟೇಪಿನಿಂದಲೋ ಮುಚ್ಚಬೇಕು. ಬಿಚ್ಚಿದ ಕ್ಲಿಪ್‌ಗಳನ್ನು ಎಣಿಸಿ ಒಂದು ತಟ್ಟೆಯಲ್ಲಿಡಬೇಕು. ಲೆಕ್ಕ ಒಂದು ಕಡಿಮೆ ಬಂದರೆ, ಅದು ಸಿಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು. ಒಂದು ಚಿಕ್ಕ ಕ್ಲಿಪ್ ಸಿಲಿಂಡರಿನೊಳಗೆ ಹೋದರೆ ಪಿಸ್ಟನ್, ವಾಲ್ವ್, ಕೊನೆಗೆ ಟರ್ಬೈನಿನ ರೆಕ್ಕೆಯವರೆಗೂ ಹಾನಿ ಹೋಗುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ, ಬೋಲ್ಟುಗಳನ್ನು ಕೈಪಿಡಿಯ ಟಾರ್ಕ್‌ಗೆ, ನಡುವಿನಿಂದ ಹೊರಕ್ಕೆ ಬಿಗಿಯಿರಿ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದಾದರೆ ಅಂದಾಜಿನ ಬಿಗಿತಕ್ಕೆ ಸೀಳುತ್ತದೆ.

ಹೋಸ್ ಸಡಿಲವಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ಐಡಲಿಂಗ್ ಏರಿಳಿಯುವುದು, ಬಾನೆಟ್ ಕೆಳಗೆ ಹಿಸ್ ಎನ್ನುವ ಸದ್ದು, ಬೂಸ್ಟ್ ಬರುವಾಗ ಮಾತ್ರ ಕೇಳುವ ಶಿಳ್ಳೆ, ನಿಲ್ಲಿಸಿದ ಕಾರಿನ ಬಳಿ ಪೆಟ್ರೋಲ್ ವಾಸನೆ, ಮ್ಯಾನಿಫೋಲ್ಡಿನ ಕೆಳಗಿನ ಬ್ಲಾಕಿನ ಮೇಲೆ ಎಣ್ಣೆ ಮೆತ್ತಿದ ಧೂಳು. ಸ್ಕ್ಯಾನರಿನಲ್ಲಿ ಪಿ0171 ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎಂದು, ಪಿ0299 ಅಂದರೆ ಬೂಸ್ಟ್ ಸಾಲುತ್ತಿಲ್ಲ ಎಂದು, ಪಿ0441 ಅಂದರೆ ಪರ್ಜ್ ಹರಿವು ಸರಿಯಿಲ್ಲ ಎಂದು.

ಕೋಡ್ ಬರುವ ಮೊದಲೇ ಫ್ಯೂಯೆಲ್ ಟ್ರಿಮ್ ಅಂಕಿಗಳನ್ನು, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತಿದೆ ಎಂಬುದನ್ನು, ಓದಬಹುದು. ಗಾಳಿಯ ಹರಿವನ್ನು ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ, ಹೋಸ್ ಸೋರುತ್ತಿದ್ದರೆ ಐಡಲಿಂಗ್‌ನಲ್ಲಿ ಅಳತೆಗೆ ಸಿಗದ ಗಾಳಿ ಒಳಬಂದು ಟ್ರಿಮ್ ಶೇಕಡಾ 10 ಅಥವಾ ಹೆಚ್ಚು ಧನಾತ್ಮಕವಾಗುತ್ತದೆ, ವೇಗ ಏರಿದಂತೆ ಇಳಿಯುತ್ತದೆ. ಬೂಸ್ಟ್‌ನಲ್ಲಿ ಅಳೆದ ಗಾಳಿಯೇ ಹೊರಗೆ ಹೋಗುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಒಂದೇ ರಂಧ್ರ ಎರಡು ಕಡೆಗೂ ತಪ್ಪು ತೋರಿಸುವ ಈ ಲಕ್ಷಣ ಟರ್ಬೊ ಎಂಜಿನ್ನಿನ ವಿಶೇಷ. ಮ್ಯಾನಿಫೋಲ್ಡ್ ಒತ್ತಡದಿಂದ ಗಾಳಿಯನ್ನು ಲೆಕ್ಕ ಹಾಕುವ ಕಾರಿನಲ್ಲಿ ಟ್ರಿಮ್ ಅಷ್ಟಾಗಿ ಕದಲದೆ, ಐಡಲ್ ವೇಗ ಮಾತ್ರ ಏರಿರಬಹುದು.

ಕೆಲಸ ಮುಗಿದ ಮೇಲೆ ಹೇಗೆ ಪರೀಕ್ಷಿಸಬೇಕು?

ಸಾಲಿನೊಳಗೆ ಹೊಗೆ ಬಿಟ್ಟು ಅದು ಎಲ್ಲಿ ಹೊರಬರುತ್ತದೆಂದು ನೋಡುವ ಹೊಗೆ ಪರೀಕ್ಷೆ ಎಲ್ಲಕ್ಕಿಂತ ಸ್ಪಷ್ಟ. ಪರ್ಜ್ ಸಾಲಿಗೆ ಅತಿ ಕಡಿಮೆ ಒತ್ತಡ, ಅಂದರೆ 0.03 ಬಾರ್‌ನಷ್ಟು ಮಾತ್ರ, ಸಾಧ್ಯವಾದರೆ ಸಾರಜನಕದೊಂದಿಗೆ ಕೊಡಬೇಕು. ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಟ್ಯಾಂಕಿನ ಕಡೆಗೆ ಬಿಡುವುದು ಅಪಾಯ. ಇಂಟೇಕ್ ಕಡೆಯನ್ನು ಟರ್ಬೊದ ಬಾಯಿಗೆ ಮುಚ್ಚಳ ಹಾಕಿ ಗಾಳಿ ತುಂಬಿಸಿ, ಜಾಯಿಂಟುಗಳಿಗೆ ಸೋಪಿನ ನೀರು ಹಾಕಿ ಗುಳ್ಳೆ ನೋಡಬಹುದು. ಆದರೆ ಬ್ರೀದರ್ ಮೂಲಕ ಅದೇ ಗಾಳಿ ಕ್ರ್ಯಾಂಕ್‌ಕೇಸಿಗೂ ನುಗ್ಗುತ್ತದೆ. ಆ ದಾರಿಯನ್ನು ಮೊದಲು ಮುಚ್ಚಿಕೊಂಡು, ಒತ್ತಡವನ್ನು ನಿಧಾನವಾಗಿ ಏರಿಸಬೇಕು. ಕಾರಿನ ಮಾಮೂಲಿ ಬೂಸ್ಟಿಗಿಂತ ಮೇಲೆ ಹೋಗಬಾರದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲನ್ನೋ ಕಾರ್ಬ್ ಕ್ಲೀನರನ್ನೋ ಎರಚಿ ಸೋರಿಕೆ ಹುಡುಕುವ ಪದ್ಧತಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು. ದಯವಿಟ್ಟು ಅದನ್ನು ಯಾರೂ ಮಾಡಬಾರದು.

ನಂತರ ರಸ್ತೆಯ ಪರೀಕ್ಷೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿರವೇ ಇದೆ: ಊರಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ ಏರುವ ಆ ದಾರಿಯಲ್ಲಿ ಕಾನೂನಿನ ವೇಗದಲ್ಲಿಯೇ ಎಂಜಿನ್ ಬಿಟ್ಟೂಬಿಡದೆ ಬೂಸ್ಟ್‌ನಲ್ಲಿರುತ್ತದೆ, ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಆಳವಾದ ವ್ಯಾಕ್ಯೂಮ್ ಬರುತ್ತದೆ. ಮಂಡ್ಯದವರಿಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ 100ರ ಮಿತಿಯೊಳಗೆ ಓಡಿಸಿ ಬಂದರೂ ಬಿಸಿಯ ಪರೀಕ್ಷೆಯಾಗುತ್ತದೆ. ಮರಳಿ ಬಂದು, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಾನೆಟ್ ತೆರೆದು ವಾಸನೆ ನೋಡಿ. ಒಂದೆರಡು ವಾರದ ನಂತರ ಕ್ಯಾಮೆರಾ ಇಳಿಸಿ, ಹೋಸಿನ ತುದಿಯಲ್ಲಿ ಹಾಕಿದ್ದ ಬಣ್ಣದ ಗುರುತು ನಿಪ್ಪಲಿನ ಗುರುತಿನಿಂದ ಸರಿದಿದೆಯೇ ಎಂದು ಪರಿಶೀಲಿಸಿ.

ಇಲಿ ಕಡಿದರೆ ಏನು ಮಾಡಬೇಕು?

ಕಬ್ಬಿನ ಗದ್ದೆ, ಭತ್ತದ ಗದ್ದೆ, ಗೋದಾಮುಗಳ ಬಳಿ ಕಾರು ನಿಲ್ಲಿಸುವವರಿಗೆ ಇದು ನಿಜವಾದ ತೊಂದರೆ. ಮ್ಯಾನಿಫೋಲ್ಡಿನ ಅಡಿ ಬೆಚ್ಚಗಿನ, ಮರೆಯಾದ ಜಾಗವಾದ್ದರಿಂದ ಇಲಿ ಅಲ್ಲಿಯೇ ಗೂಡು ಮಾಡುತ್ತದೆ. ಕಡಿದ ಹೋಸಿಗೆ ಟೇಪು ಸುತ್ತಿದರೆ ಬೂಸ್ಟ್‌ನ ಮುಂದೆ ನಿಲ್ಲುವುದಿಲ್ಲ, ಹೋಸ್ ಬದಲಿಸಬೇಕು. ಹೊಸ ಹೋಸಿನ ಮೇಲೆ ಹೆಣೆದ ಸ್ಟೀಲ್ ತಂತಿಯ ಹೊರತೋಳು ಹಾಕಬಹುದು, ಆದರೆ ಅದು ಸ್ಟಾರ್ಟರಿನ ವಿದ್ಯುತ್ ಮೊಳೆಯಿಂದ ದೂರವಿರಬೇಕು.

ಈ ಹೋಸ್‌ಗಳನ್ನೇ ತೆಗೆದುಹಾಕಿ, ಬಾಯಿಗೆ ಬಿರಡೆ ಹಾಕಿದರೆ ತೊಂದರೆಯೇ ಇರುವುದಿಲ್ಲವಲ್ಲ?

ಹಾಗೆ ಮಾಡಬಾರದು. ಬ್ರೀದರ್ ಮುಚ್ಚಿದರೆ ಕ್ರ್ಯಾಂಕ್‌ಕೇಸಿನ ಒತ್ತಡ ಸೀಲುಗಳನ್ನು ಹೊರಗೆ ತಳ್ಳುತ್ತದೆ. ಪರ್ಜ್ ಸಾಲು ಮುಚ್ಚಿದರೆ ಕ್ಯಾನಿಸ್ಟರ್ ತುಂಬಿ, ಪೆಟ್ರೋಲ್ ಆವಿ ನಿಮ್ಮ ಮನೆಯ ಪೋರ್ಟಿಕೋದಲ್ಲಿ ಹರಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ವಿವರಗಳಿಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ; 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ಕಾರಿನಲ್ಲಿ ಈ ವ್ಯವಸ್ಥೆ ಮಾಲಿನ್ಯ ನಿಯಂತ್ರಣದ ಅಂಗ. ಎಣ್ಣೆ ಹಿಡಿಯುವ ಕ್ಯಾಚ್ ಕ್ಯಾನ್ ಬೇಕೆನಿಸಿದರೆ, ಅದರ ಹೊರದಾರಿ ಮತ್ತೆ ಇಂಟೇಕಿಗೇ ಸೇರುವಂತಿರಬೇಕು, ಮತ್ತು ಅದರಿಂದ ಹೆಚ್ಚಾಗುವ ಪ್ರತಿ ಜಾಯಿಂಟಿಗೂ ಮೇಲೆ ಹೇಳಿದ ಎಲ್ಲವೂ ಅನ್ವಯಿಸುತ್ತದೆ.

ಡೀಸೆಲ್ ಕಾರಿಗೆ?

ಡೀಸೆಲ್ ಸುಲಭವಾಗಿ ಆವಿಯಾಗದ ಕಾರಣ ಅಲ್ಲಿ ಕ್ಯಾನಿಸ್ಟರ್ ಇಲ್ಲ, ಪರ್ಜ್ ಸಾಲೂ ಇಲ್ಲ. ಬ್ರೀದರ್ ಹೋಸ್ ಸಾಮಾನ್ಯವಾಗಿ ಟರ್ಬೊದ ಮುಂಚೆ ಸೇರುತ್ತದೆ, ಅದಕ್ಕೆ ಬೂಸ್ಟ್ ತಾಗುವುದಿಲ್ಲ. ಎಣ್ಣೆಗೆ ತಡೆಯುವ ಹೋಸ್, ಸರಿಯಾದ ಕ್ಲಿಪ್, ಆಧಾರ ಇಷ್ಟೇ ಸಾಕು.

ಪೆಟ್ರೋಲ್ ವಾಸನೆ ಬರುತ್ತಿದೆ. ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದೇ?

ವಾಸನೆ ಸಣ್ಣದಾಗಿದ್ದು, ಟ್ಯಾಂಕ್ ಪೂರ್ತಿ ತುಂಬಿಸಿದ ಮೇಲೆ ಮಾತ್ರ ಬಂದಿದ್ದರೆ, ಬೇಸಿಗೆಯಲ್ಲಿ ಕ್ಯಾನಿಸ್ಟರ್ ತುಂಬಿರುವ ಸಾಧ್ಯತೆಯಿದೆ. ಪಂಪ್ ಒಮ್ಮೆ ತಾನಾಗಿ ನಿಂತ ಮೇಲೂ ಕತ್ತಿನ ತನಕ ತುಂಬಿಸುವುದನ್ನು ನಿಲ್ಲಿಸಿ ನೋಡಿ. ಬಾನೆಟ್ ಕೆಳಗಿನಿಂದ ಗಾಢವಾದ ವಾಸನೆ ಬರುತ್ತಿದ್ದರೆ, ಅಥವಾ ಮ್ಯಾನಿಫೋಲ್ಡಿನ ಅಡಿಯಲ್ಲಿ ಒದ್ದೆ ಕಂಡರೆ, ಅದು ಆವಿಯಲ್ಲ, ಇಂಧನವೇ ಸೋರುತ್ತಿರಬಹುದು. ಆಗ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಾಧ್ಯವಾದರೆ ಕಾರನ್ನು ಬಯಲಿಗೆ ತಳ್ಳಿ ನಿಲ್ಲಿಸಿ, ಬೀಡಿ ಸಿಗರೇಟು ಸೇದುವವರನ್ನು ದೂರ ಇರಿಸಿ, ಟೋಯಿಂಗ್ ಗಾಡಿ ಕರೆಸಿ.